ಗೋಡೆಯ ಮೇಲೆ ಇಗ್ಲೂ, ಬಾಯಲ್ಲಿ ಬಸ್ಸು

ನಮ್ಮ ಯಾವುದೇ ಊರಿನ ಪುಸ್ತಕದ ಅಂಗಡಿಗೆ ಹೋಗಿ, ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಪಟ ಬೇಕು ಎಂದು ಕೇಳಿ ನೋಡಿ. ಇಪ್ಪತ್ತಾರು ಚೌಕಗಳ ಬಣ್ಣದ ಹಾಳೆಯೊಂದನ್ನು ಸುರುಳಿ ಸುತ್ತಿ ಕೊಡುತ್ತಾರೆ. ಎ ಅಕ್ಷರಕ್ಕೆ ಆ್ಯಪಲ್, ಐ ಅಕ್ಷರಕ್ಕೆ ಹಿಮನಾಡಿನ ಇಗ್ಲೂ, ಕ್ಯೂಗೆ ಕಿರೀಟ ಧರಿಸಿದ ಕ್ವೀನ್, ಎಕ್ಸ್‌ಗೆ ಝೈಲೋಫೋನ್ ಎಂಬ ವಾದ್ಯ, ವೈಗೆ ಟಿಬೆಟ್ಟಿನ ಯಾಕ್. ರಾಯಚೂರಿನ ಬಿಸಿಲಿನಲ್ಲಿ ಬೆಳೆಯುವ ಮಗು ಇಗ್ಲೂವನ್ನು ಕಂಡಿಲ್ಲ, ಮುಂದೆ ಕಾಣುವ ಸಂಭವವೂ ಕಡಿಮೆ. ಆದರೂ ಅದನ್ನು ಉರು ಹೊಡೆಯುತ್ತದೆ.

ಅದೇ ಮಗು ಬೆಳಿಗ್ಗೆ ಎದ್ದು ಬ್ರಷ್ಷಿಗೆ ಪೇಸ್ಟು ಹಾಕಿಕೊಂಡು ಹಲ್ಲುಜ್ಜಿ, ಗ್ಲಾಸಿನಲ್ಲಿ ಹಾಲು ಕುಡಿದು, ಬ್ಯಾಗು ಹೆಗಲಿಗೇರಿಸಿ, ಬಸ್‌ಸ್ಟಾಪಿನಲ್ಲಿ ನಿಂತು, ಕಂಡಕ್ಟರಿಂದ ಟಿಕೆಟ್ಟು ಪಡೆದು ಸ್ಕೂಲಿಗೆ ಹೋಗುತ್ತದೆ. ಈ ಒಂದು ವಾಕ್ಯದಲ್ಲೇ ಒಂಬತ್ತು ಇಂಗ್ಲಿಷ್ ಪದಗಳಿವೆ. ಅವನ್ನು ಯಾರೂ ಪಾಠ ಹೇಳಿ ಕಲಿಸಿದ್ದಲ್ಲ. ಆದರೆ ಶಾಲೆಯ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಈ ಒಂಬತ್ತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪಾಠ ಇಗ್ಲೂವಿನಿಂದ ಶುರುವಾಗುತ್ತದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ!

ಇದು ಬರೀ ತಮಾಷೆಯ ಮಾತಲ್ಲ. ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಹಿಂದೆ ಐದನೇ ತರಗತಿಯಿಂದ ಆರಂಭವಾಗುತ್ತಿದ್ದ ಇಂಗ್ಲಿಷ್, 2007–08ರಿಂದ ಒಂದನೇ ತರಗತಿಗೇ ಒಂದು ವಿಷಯವಾಗಿ ಬಂದಿದೆ. ಬೋಧನಾ ಮಾಧ್ಯಮ ಯಾವುದಿರಬೇಕು ಎಂಬುದು 1981ರ ಗೋಕಾಕ್ ವರದಿಯ ಕಾಲದಿಂದ 2014ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ನಡೆದುಬಂದ ದೊಡ್ಡ ಚರ್ಚೆ. ಅದು ಬೇರೆಯೇ ವಿಷಯ. ಮಾಧ್ಯಮ ಯಾವುದಾದರೂ ಇಂಗ್ಲಿಷ್ ಪದಗಳನ್ನು ಎಲ್ಲ ಮಕ್ಕಳೂ ಕಲಿಯಲೇಬೇಕಾಗಿದೆ. ಕಲಿಯುತ್ತಿದ್ದಾರೆಯೇ? ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆ 2016ರಲ್ಲಿ ಕಂಡುಕೊಂಡಂತೆ, ಸರಳವಾದ ಇಂಗ್ಲಿಷ್ ವಾಕ್ಯವನ್ನು ಓದಬಲ್ಲವರು ಐದನೇ ತರಗತಿಯಲ್ಲಿ ನೂರಕ್ಕೆ ಸುಮಾರು 25, ಎಂಟನೇ ತರಗತಿಯಲ್ಲಿ ಸುಮಾರು 45. ಉಳಿದ ಮಕ್ಕಳ ಪಾಲಿಗೆ ಇಂಗ್ಲಿಷ್ ಪುಸ್ತಕದ ಬದನೆಕಾಯಿ.

ಹಾಗಾದರೆ ಮಕ್ಕಳಿಗೆ ಮೊದಲು ಯಾವ ಪದಗಳನ್ನು ಕಲಿಸಬೇಕು? ಸರಳವಾಗಿ ಕಾಣುವ ಈ ಪ್ರಶ್ನೆಗೆ ಮುನ್ನೂರು ವರ್ಷಗಳಿಗೂ ಹೆಚ್ಚಿನ ಇತಿಹಾಸವಿದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಉಪಖಂಡದಲ್ಲೇ.

ಅಕ್ಷರ ಆರಿಸಿದ ಪದಗಳು

‘ಎ ಫಾರ್ ಆ್ಯಪಲ್’ ಮಾದರಿಯ ಮೂಲ ಇಂಗ್ಲೆಂಡಿನದು. ಇಂಗ್ಲಿಷ್ ಮನೆಮಾತಾಗಿದ್ದ ಮಕ್ಕಳಿಗೆ ಅಕ್ಷರ ಕಲಿಸಲು ಹುಟ್ಟಿಕೊಂಡ ಉಪಾಯ ಅದು. ಆ ಮಕ್ಕಳಿಗೆ ಸೇಬು, ಅದರಿಂದ ಮಾಡುವ ಭಕ್ಷ್ಯ ಎಲ್ಲವೂ ಮೊದಲೇ ಗೊತ್ತು. ಗೊತ್ತಿರುವ ಪದದ ಸಹಾಯದಿಂದ ಗೊತ್ತಿಲ್ಲದ ಅಕ್ಷರವನ್ನು ಕಲಿಸುವುದು ಅದರ ಉದ್ದೇಶ. ಆದರೆ ನಮ್ಮಲ್ಲಿ ಅದು ತಲೆಕೆಳಗಾಯಿತು. ಮಗುವಿಗೆ ಅಕ್ಷರವೂ ಹೊಸದು, ಪದವೂ ಹೊಸದು, ಎಷ್ಟೋ ಸಲ ವಸ್ತುವೂ ಹೊಸದು.

ಎಕ್ಸ್ ಅಕ್ಷರದ ಪಾಡು ಈ ಪದ್ಧತಿಯ ತೊಡಕನ್ನು ಚೆನ್ನಾಗಿ ತೋರಿಸುತ್ತದೆ. ಆ ಅಕ್ಷರದಿಂದ ಆರಂಭವಾಗುವ ದಿನಬಳಕೆಯ ಪದ ಇಂಗ್ಲಿಷಿನಲ್ಲಿ ಇಲ್ಲವೆಂದೇ ಹೇಳಬೇಕು. ಹಿಂದಿನ ಇಂಗ್ಲಿಷ್ ಬಾಲಬೋಧೆಗಳು ಇದಕ್ಕಾಗಿ ಪ್ರಾಚೀನ ಪರ್ಷಿಯಾದ ದೊರೆ ಕ್ಸರ್ಕ್ಸೀಸನನ್ನು ಕರೆತರುತ್ತಿದ್ದವು! 1895ರಲ್ಲಿ ರಾಂಟ್‌ಜನ್ ಕ್ಷ-ಕಿರಣವನ್ನು ಕಂಡುಹಿಡಿದ ಮೇಲೆ ಎಕ್ಸ್-ರೇ ಎಂಬ ಇನ್ನೊಂದು ದಾರಿ ತೆರೆಯಿತು. ಹೀಗೆ ಪದವನ್ನು ಆರಿಸುವ ಅಧಿಕಾರ ಅಕ್ಷರಕ್ಕೆ ಸಿಕ್ಕಿತೇ ಹೊರತು ಮಗುವಿನ ಅಗತ್ಯಕ್ಕೆ ಸಿಗಲಿಲ್ಲ.

ಬೇರೆ ದಾರಿಯನ್ನು ತೋರಿಸಿದವನು ಕೊಮೇನಿಯಸ್ (1592–1670). ಧಾರ್ಮಿಕ ಯುದ್ಧಗಳಿಂದಾಗಿ ತಾಯ್ನಾಡು ಬಿಟ್ಟು ಯೂರೋಪಿನುದ್ದಕ್ಕೂ ಅಲೆದ ಈ ಮೊರಾವಿಯಾದ ಪಾದ್ರಿ, 1658ರಲ್ಲಿ ನ್ಯೂರೆಂಬರ್ಗ್ ನಗರದಲ್ಲಿ ‘ಆರ್ಬಿಸ್ ಪಿಕ್ಟಸ್’ ಎಂಬ ಪುಸ್ತಕವನ್ನು ಹೊರತಂದ. ಚಿತ್ರಗಳ ಮೂಲಕ ಲ್ಯಾಟಿನ್ ಕಲಿಸುವ ಪುಸ್ತಕ ಅದು. ಮರುವರ್ಷವೇ ಅದರ ಇಂಗ್ಲಿಷ್ ಆವೃತ್ತಿಯೂ ಬಂತು. ಅಲ್ಲಿ ಸುಮಾರು 150 ಪಾಠಗಳು. ಒಂದೊಂದಕ್ಕೂ ಒಂದು ಚಿತ್ರ. ಬೆಂಕಿ, ನೀರು, ಬಡಗಿ, ದರ್ಜಿ, ಅಡುಗೆಮನೆ ಹೀಗೆ ವಿಷಯಗಳು ಸಾಗುತ್ತವೆ. ಚಿತ್ರದ ಪ್ರತಿ ಭಾಗಕ್ಕೂ ಒಂದು ಅಂಕಿ, ಪಕ್ಕದ ವಾಕ್ಯದಲ್ಲಿ ಅದೇ ಅಂಕಿಯ ಮುಂದೆ ಆ ವಸ್ತುವಿನ ಹೆಸರು, ಎದುರಿಗೆ ಮಗುವಿನ ಮಾತೃಭಾಷೆಯಲ್ಲಿ ಅದೇ ವಾಕ್ಯ. ಪದಗಳು ಅಕ್ಷರದ ಕ್ರಮದಲ್ಲಲ್ಲ, ಬದುಕಿನ ಕ್ರಮದಲ್ಲಿ ಬರುತ್ತಿದ್ದವು. ಒಂಟಿಯಾಗಿ ಅಲ್ಲ, ವಾಕ್ಯದಲ್ಲಿ ಬರುತ್ತಿದ್ದವು. ಮಾತೃಭಾಷೆಯನ್ನು ತರಗತಿಯಿಂದ ಹೊರಗೆ ಅಟ್ಟಿರಲಿಲ್ಲ. ಇಂದಿನ ಸಚಿತ್ರ ಪದಕೋಶಗಳ ಮೂಲಪುರುಷ ಅವನೇ.

ಢಾಕಾದಲ್ಲಿ ಕಂಡ ಸತ್ಯ

ಅಲ್ಲಿಂದ ಸುಮಾರು ಇನ್ನೂರೈವತ್ತು ವರ್ಷ ಮುಂದೆ, ಅವಿಭಜಿತ ಬಂಗಾಳಕ್ಕೆ ಬರೋಣ. ಮೈಕೇಲ್ ವೆಸ್ಟ್ (1888–1973) ಎಂಬ ಇಂಗ್ಲಿಷ್ ತರುಣ 1912ರಲ್ಲಿ ಭಾರತದ ಶಿಕ್ಷಣ ಸೇವೆಗೆ ಸೇರಿ ಮುಂದೆ ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲರಾದರು. ಬಂಗಾಳಿ ಹುಡುಗರು ವರ್ಷಗಟ್ಟಲೆ ಇಂಗ್ಲಿಷ್ ಕಲಿತರೂ ಸರಾಗವಾಗಿ ಒಂದು ಪುಟ ಓದಲಾರರು ಎಂಬುದನ್ನು ಅವರು ಕಂಡರು. ಹುಡುಗರನ್ನು ದಡ್ಡರೆಂದು ಬಯ್ಯುವ ಬದಲು ಅವರು ಪಠ್ಯಪುಸ್ತಕಗಳನ್ನೇ ಪರೀಕ್ಷೆಗೆ ಒಡ್ಡಿದರು.

ಅವರಿಗೆ ಕಂಡ ದೋಷಗಳು ಮುಖ್ಯವಾಗಿ ಎರಡು. ಒಂದು, ಬಳಕೆ ತಪ್ಪಿದ, ಕಾವ್ಯದಲ್ಲಿ ಮಾತ್ರ ಬರುವ ಪದಗಳು ಪಾಠದ ತುಂಬ ಇದ್ದವು. ದ್ವೀಪಕ್ಕೆ ‘ಐಲ್ಯಾಂಡ್’ ಎಂಬ ಬಳಕೆಯ ಮಾತಿರುವಾಗ ‘ಐಲ್’ ಎಂದು ಕಲಿಸುವಂಥ ಪದ್ಧತಿ. ಇನ್ನೊಂದು, ಹೊಸ ಪದಗಳು ಒಂದರ ಮೇಲೊಂದು ಕಿಕ್ಕಿರಿದು ಬರುತ್ತಿದ್ದವು. ಒಂದು ಪದ ಮನಸ್ಸಿನಲ್ಲಿ ಊರುವ ಮುಂಚೆಯೇ ಇನ್ನೊಂದು ಬಂದು ಅದನ್ನು ತಳ್ಳಿಬಿಡುತ್ತಿತ್ತು. ವೆಸ್ಟ್ ಅಪರೂಪದ ಪದಗಳನ್ನು ತೆಗೆದು ಬಳಕೆಯ ಪದಗಳನ್ನಿಟ್ಟರು. ಹೊಸ ಪದಗಳ ನಡುವೆ ಅಂತರ ಬಿಟ್ಟರು. ಒಮ್ಮೆ ಬಂದ ಪದ ಮತ್ತೆ ಮತ್ತೆ ಬರುವಂತೆ ಪಾಠಗಳನ್ನು ಹೊಸದಾಗಿ ಬರೆದರು. ಈ ‘ನ್ಯೂ ಮೆಥಡ್’ ವಾಚನ ಪುಸ್ತಕಗಳನ್ನು ಲಾಂಗ್‌ಮನ್ಸ್ ಸಂಸ್ಥೆ 1920ರ ದಶಕದ ಕೊನೆಯಿಂದ ಪ್ರಕಟಿಸಿತು.

ಇದೆಲ್ಲದರ ಹಿಂದೆ ಒಂದು ಮಾನವೀಯ ಯೋಚನೆಯಿತ್ತು. ಬಂಗಾಳದ ಮಕ್ಕಳಲ್ಲಿ ಬಹುಪಾಲು ಮಂದಿ ಓದನ್ನು ಪೂರ್ತಿ ಮಾಡದೆ ನಡುವೆಯೇ ಬಿಟ್ಟುಹೋಗುತ್ತಿದ್ದರು. ಕೊನೆಯವರೆಗೆ ಓದಿದವನಿಗೆ ಮಾತ್ರ ಫಲ ಕೊಡುವ ಶಿಕ್ಷಣ ಉಳಿದವರಿಗೆ ವಂಚನೆಯಲ್ಲವೇ? 1926ರಲ್ಲಿ ಪ್ರಕಟವಾದ, ಬಂಗಾಳದ ದ್ವಿಭಾಷಿಕತೆಯನ್ನು ಕುರಿತ ತಮ್ಮ ಗ್ರಂಥದಲ್ಲಿ ವೆಸ್ಟ್ ಇದಕ್ಕೆ ವಿಮಾ ವ್ಯವಹಾರದ ಒಂದು ಮಾತನ್ನು ಬಳಸಿದರು: ‘ಸರೆಂಡರ್ ವ್ಯಾಲ್ಯೂ’. ಜೀವವಿಮೆಯ ಪಾಲಿಸಿ ಮಾಡಿಸಿದವರಿಗೆಲ್ಲ ಇದು ಗೊತ್ತು. ಅವಧಿಗೆ ಮುಂಚೆಯೇ ಪಾಲಿಸಿ ನಿಲ್ಲಿಸಿದರೆ ಕಟ್ಟಿದ ಕಂತುಗಳಿಗೆ ಪ್ರತಿಯಾಗಿ ಎಷ್ಟು ಹಣ ಕೈಗೆ ಬರುತ್ತದೆಯೋ ಅದೇ ಸರೆಂಡರ್ ವ್ಯಾಲ್ಯೂ. ಭಾಷೆಯ ಪಾಠವೂ ಹಾಗೆಯೇ. ಮಗು ಎರಡನೇ ವರ್ಷದಲ್ಲಿ ಬಿಟ್ಟರೂ, ನಾಲ್ಕನೇ ವರ್ಷದಲ್ಲಿ ಬಿಟ್ಟರೂ ಅಷ್ಟರಮಟ್ಟಿಗಿನ ಪ್ರಯೋಜನ ಅದಕ್ಕೆ ದಕ್ಕಬೇಕು.

ವೆಸ್ಟ್ ಈ ತತ್ವದಿಂದ ಓದುವುದನ್ನು ಮೊದಲು ಕಲಿಸಬೇಕೆಂಬ ತೀರ್ಮಾನಕ್ಕೆ ಬಂದರು. ಇಂದು ಮಾತನಾಡುವ ಇಂಗ್ಲಿಷಿಗೂ ಅಷ್ಟೇ ಬೇಡಿಕೆ ಇರುವುದರಿಂದ ಆ ತೀರ್ಮಾನವನ್ನು ಪೂರ್ತಿ ಒಪ್ಪಬೇಕಿಲ್ಲ. ಆದರೆ ಅವರ ಪ್ರಶ್ನೆ ಹಳತಾಗಿಲ್ಲ. ಇಗ್ಲೂ ಪದದ ಸರೆಂಡರ್ ವ್ಯಾಲ್ಯೂ ಎಷ್ಟು?

ಎಣಿಸಿ ತೂಗಿದ ಪಟ್ಟಿಗಳು

ಯಾವ ಪದ ಎಷ್ಟು ಉಪಯುಕ್ತ ಎಂಬುದನ್ನು ಊಹೆಗೆ ಬಿಡದೆ ಎಣಿಸಿಯೇ ತಿಳಿಯಬಹುದು ಎಂದು ತೋರಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್. ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ಅವು ಹೊರಬರಲು ಕಲಿಯುವುದನ್ನು ಅಳೆದು ಹೆಸರಾದವರು ಇವರೇ. ಬೈಬಲ್, ಸಾಹಿತ್ಯ ಕೃತಿಗಳು, ಮಕ್ಕಳ ಪುಸ್ತಕಗಳು, ದಿನಪತ್ರಿಕೆ, ಕಾಗದಪತ್ರ ಮುಂತಾದವುಗಳಲ್ಲಿ ಬರುವ ಪದಗಳನ್ನು ಎಣಿಸಿ, ಕಂಪ್ಯೂಟರಿನ ಕನಸೂ ಇಲ್ಲದ 1921ರಲ್ಲಿ 10,000 ಪದಗಳ ಪಟ್ಟಿಯನ್ನು ಅವರು ಶಿಕ್ಷಕರ ಕೈಗಿತ್ತರು.

1930ರಲ್ಲಿ ಇಂಗ್ಲೆಂಡಿನ ಸಿ. ಕೆ. ಆಗ್ಡನ್ ಇನ್ನೂ ಮುಂದೆ ಹೋದರು. ಬರೀ 850 ಪದಗಳಲ್ಲಿ ಎಲ್ಲವನ್ನೂ ಹೇಳಬಹುದಾದ ‘ಬೇಸಿಕ್ ಇಂಗ್ಲಿಷ್’ ಅನ್ನು ಅವರು ರೂಪಿಸಿದರು. 600 ವಸ್ತು-ವಿಷಯಗಳ ಹೆಸರು, 150 ಗುಣಗಳು, ಉಳಿದ 100 ಪದಗಳು ವಾಕ್ಯ ಕಟ್ಟಲು. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ ಚರ್ಚಿಲ್ ಹಾರ್ವರ್ಡ್ ವಿಶ್ವವಿದ್ಯಾಲಯದ ಭಾಷಣದಲ್ಲಿ ಅದನ್ನು ಹೊಗಳಿದ್ದೂ ಉಂಟು. ಆದರೆ ಅದರಲ್ಲೊಂದು ಹುಳುಕಿತ್ತು. ‘ಎಂಟರ್’ ಎಂಬುದನ್ನು ಬಿಟ್ಟು ‘ಗೋ ಇನ್’ ಎಂದರೆ ಸುಲಭವೇ ಸರಿ. ಆದರೆ ‘ಟಾಲರೇಟ್’ ಬದಲಿಗೆ ‘ಪುಟ್ ಅಪ್ ವಿತ್’ ಎಂದರೆ? ಪುಟ್ ಗೊತ್ತು, ಅಪ್ ಗೊತ್ತು, ವಿತ್ ಗೊತ್ತು; ಮೂರೂ ಸೇರಿದರೆ ‘ಸಹಿಸಿಕೊ’ ಎಂಬ ಅರ್ಥ ಹೊರಡುತ್ತದೆಂದು ಹೊಸಬನಿಗೆ ಹೊಳೆಯುವುದು ಹೇಗೆ? ಪದಗಳ ಸಂಖ್ಯೆ ಇಳಿದ ಮಾತ್ರಕ್ಕೆ ಭಾರ ಇಳಿಯಲಿಲ್ಲ.

1934ರಲ್ಲಿ ಕಾರ್ನೆಗಿ ಸಂಸ್ಥೆಯ ನೆರವಿನಿಂದ ನ್ಯೂಯಾರ್ಕಿನಲ್ಲಿ ನಡೆದ ಸಮಾಲೋಚನೆಯಲ್ಲಿ ವೆಸ್ಟ್, ಥಾರ್ನ್‌ಡೈಕ್, ಜಪಾನಿನಲ್ಲಿ ಇಂಗ್ಲಿಷ್ ಬೋಧನೆಯನ್ನು ತಿದ್ದಿದ್ದ ಹೆರಾಲ್ಡ್ ಪಾಮರ್ ಒಂದೆಡೆ ಸೇರಿದರು. ಆ ಕೆಲಸ ಬೆಳೆದು 1953ರಲ್ಲಿ ವೆಸ್ಟ್ ಸಂಪಾದಕತ್ವದಲ್ಲಿ ಸುಮಾರು 2,000 ಪದಗಳ ‘ಜನರಲ್ ಸರ್ವಿಸ್ ಲಿಸ್ಟ್’ ಹೊರಬಂತು. ಇದರ ವಿಶೇಷವೆಂದರೆ, ಒಂದು ಪದಕ್ಕೆ ಹತ್ತು ಅರ್ಥಗಳಿದ್ದರೆ ಯಾವ ಅರ್ಥ ನೂರಕ್ಕೆ ಎಷ್ಟು ಸಲ ಬರುತ್ತದೆ ಎಂಬ ಲೆಕ್ಕವನ್ನೂ ಅದು ಕೊಟ್ಟಿತು. ಸಾಮಾನ್ಯವಾದ ಇಂಗ್ಲಿಷ್ ಬರಹದಲ್ಲಿ ನೂರಕ್ಕೆ ಸುಮಾರು 80 ಪದಗಳು ಈ ಎರಡು ಸಾವಿರದೊಳಗೇ ಸಿಗುತ್ತವೆ. ಇಂಗ್ಲಿಷ್ ಎಂಬ ಸಮುದ್ರ ನೋಡಿ ಹೆದರಿದವರಿಗೆ ದಡ ಕಂಡಂತಾಯಿತು.

ಪಟ್ಟಿಗೂ ಮಿತಿಯಿದೆ. ದೊಡ್ಡವರ ಬರಹವನ್ನು ಎಣಿಸಿದ ಪಟ್ಟಿ ಮಗುವಿನ ದಿನಚರಿಯನ್ನು ಪೂರ್ತಿ ಹಿಡಿಯಲಾರದು. ಕಾಲ ಬದಲಾದಂತೆ ಪದವೂ ಬದಲಾಗುತ್ತದೆ. 1953ರ ಆ ಪಟ್ಟಿಯಲ್ಲಿ ಕಂಪ್ಯೂಟರ್ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಲಿಯುವ ಮಗುವಿಗೆ ಮೊದಲೇ ಏನು ಗೊತ್ತಿದೆ ಎಂಬುದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. ಕನ್ನಡದ ಮಗುವಿನ ಲೆಕ್ಕವನ್ನು ನಾವೇ ತೆಗೆಯಬೇಕು.

ಕನ್ನಡದೊಳಗಿನ ಬಂಡವಾಳ

ಹೊಸ ಯಂತ್ರ, ಹೊಸ ಕಚೇರಿ ಬಂದಾಗಲೆಲ್ಲ ಅವುಗಳ ಜೊತೆಯಲ್ಲಿ ಹೊಸ ಪದಗಳೂ ನಮ್ಮ ಊರಿಗೆ ಬಂದಿವೆ. 1864ರಲ್ಲಿ ಬೆಂಗಳೂರಿನಿಂದ ಜೋಲಾರಪೇಟೆಗೆ ಉಗಿಬಂಡಿ ಓಡಿದಾಗ ರೈಲು, ಟಿಕೆಟ್ಟು, ಸಿಗ್ನಲ್ಲು, ಗಾರ್ಡು ನಮ್ಮವಾದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗೆ ಹರಿದು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿದಾಗ ಕರೆಂಟು, ಲೈಟು, ಸ್ವಿಚ್ಚು, ಬಲ್ಬುಗಳ ಸರದಿ. ಮಾಸ್ಟರ್ ಎಂಬುದು ಮೇಷ್ಟ್ರಾಗಿ ಎಷ್ಟು ಒಗ್ಗಿಹೋಗಿದೆಯೆಂದರೆ ಅದು ಪರದೇಶದ್ದೆಂದು ಹೇಳಿದರೆ ನಂಬುವುದೇ ಕಷ್ಟ. ಕೈಲಾಸಂ ಅವರ ಪಾತ್ರಗಳು ಇಂಗ್ಲಿಷ್ ಬೆರೆಸಿದ ಕನ್ನಡ ಆಡಿ ನಗಿಸುವ ಹೊತ್ತಿಗೆ ಪೇಟೆಯ ಪ್ರೇಕ್ಷಕರಿಗೆ ಆ ಮಾತು ಹೊಸದಾಗಿರಲಿಲ್ಲ.

ಹೊರಗಿನದೆಲ್ಲ ಇಂಗ್ಲಿಷಲ್ಲ ಎಂಬುದನ್ನೂ ನೆನಪಿಡಬೇಕು. ಚಾವಿ, ಪಾದ್ರಿ, ಅಲಮಾರು ಪೋರ್ಚುಗೀಸರ ಕೊಡುಗೆ. ಕುರ್ಚಿ ಅರಬ್ಬಿಯಿಂದ ಬಂದದ್ದು. ಇವುಗಳನ್ನು ಬಿಟ್ಟರೂ ಆರು ವರ್ಷದ ಮಗುವಿನ ಬಾಯಲ್ಲಿ ಇಂಗ್ಲಿಷ್ ಮೂಲದ ಪದಗಳಿಗೆ ಬರವಿಲ್ಲ. ಅಡುಗೆಮನೆಯಲ್ಲಿ ಗ್ಯಾಸು, ಕುಕ್ಕರು, ಪ್ಲೇಟು, ಸ್ಪೂನು. ಶಾಲೆಯಲ್ಲಿ ಪೆನ್ನು, ಪೆನ್ಸಿಲ್ಲು, ಬೆಂಚು, ಬೆಲ್ಲು. ರಸ್ತೆಯಲ್ಲಿ ಕಾರು, ಲಾರಿ, ಬ್ರೇಕು, ಹಾರನ್ನು. ಆಟದಲ್ಲಿ ಬ್ಯಾಟು, ಬಾಲು, ವಿಕೆಟ್ಟು, ಔಟು. ಕೂತು ಪಟ್ಟಿ ಮಾಡಿದರೆ ಒಂದು ಸಂಜೆಯಲ್ಲಿ ನೋಟ್‌ಬುಕ್ಕಿನ ಪುಟಗಳು ತುಂಬುತ್ತವೆ. ‘ನಿನಗೆ ಇಂಗ್ಲಿಷ್ ಬರುವುದಿಲ್ಲ’ ಎಂದು ಶುರುಮಾಡುವ ಪಾಠಕ್ಕೂ, ‘ನಿನಗೆ ಇಷ್ಟು ಆಗಲೇ ಬರುತ್ತದೆ’ ಎಂದು ಶುರುಮಾಡುವ ಪಾಠಕ್ಕೂ ಮಗುವಿನ ಮುಖದಲ್ಲೇ ವ್ಯತ್ಯಾಸ ಕಾಣಬಹುದು.

ಆದರೆ ಈ ಬಂಡವಾಳವನ್ನು ಹಾಗೆಯೇ ಚಲಾಯಿಸಲು ಬರುವುದಿಲ್ಲ. ಸ್ವಲ್ಪ ವಿನಿಮಯ ಬೇಕು. ಮೊದಲನೆಯದು ಉಚ್ಚಾರಣೆ. ಕನ್ನಡದ ಜಾಯಮಾನಕ್ಕೆ ಪದ ಸ್ವರದಲ್ಲಿ ಮುಗಿಯಬೇಕು. ಆದ್ದರಿಂದ ಕೊನೆಗೆ ಉಕಾರ ಸೇರುತ್ತದೆ. ಮೊದಲಿನ ಸ್ವರ ಹ್ರಸ್ವವಾಗಿದ್ದರೆ ವ್ಯಂಜನ ಇಮ್ಮಡಿಯಾಗುತ್ತದೆ: ಬಸ್ಸು, ಪೆನ್ನು, ಕಪ್ಪು. ದೀರ್ಘವಾಗಿದ್ದರೆ ಇಲ್ಲ: ಕಾರು, ರೋಡು, ಬಾಲು. ಕಣ್ಣು, ಹಲ್ಲು ಒಂದು ಕಡೆ, ಕಾಲು, ಬೇರು ಇನ್ನೊಂದು ಕಡೆ ಇದ್ದಂತೆಯೇ ಇದು. ಮಗು ಮಾಡುತ್ತಿರುವುದು ತಪ್ಪಲ್ಲ, ಕನ್ನಡದ ನಿಯಮವನ್ನು ಪಾಲಿಸುತ್ತಿದೆ. ಇಂಗ್ಲಿಷ್ ಆಡುವಾಗ ಬಾಲದ ಉಕಾರವನ್ನು ಬಿಡು ಎಂದು ಒಮ್ಮೆ ಹೇಳಿಕೊಟ್ಟರೆ ನೂರಾರು ಪದಗಳು ಒಟ್ಟಿಗೇ ಸರಿಹೋಗುತ್ತವೆ.

ಎರಡನೆಯದು ಅರ್ಥ. ನಮ್ಮ ಹೋಟೆಲಿನಲ್ಲಿ ದೋಸೆ ಸಿಗುತ್ತದೆ. ಇಂಗ್ಲಿಷಿನ ಹೋಟೆಲಿನಲ್ಲಿ ಮುಖ್ಯವಾಗಿ ಸಿಗುವುದು ತಂಗಲು ಕೋಣೆ. ಅಂಗಡಿಯಲ್ಲಿ ನಾವು ಕೇಳುವ ಕವರು ಕಾಗದ ಹಾಕುವ ಲಕೋಟೆಯಾಗಬಹುದು, ತರಕಾರಿ ಹಾಕುವ ಪ್ಲಾಸ್ಟಿಕ್ ಚೀಲವೂ ಆಗಬಹುದು. ಇಂಗ್ಲೆಂಡಿನವರಿಗೆ ಅವೆರಡೂ ಕವರಲ್ಲ, ‘ಎನ್ವಲಪ್’ ಮತ್ತು ‘ಬ್ಯಾಗ್’. ನಮ್ಮ ಕಟಿಂಗು ಅವರಿಗೆ ‘ಹೇರ್‌ಕಟ್’. ನಮ್ಮ ಪ್ಯಾಂಟು ಒಂದೇ. ಇಂಗ್ಲಿಷಿನಲ್ಲಿ ಒಂದೇ ಇದ್ದರೂ ಅದು ಬಹುವಚನ. ಸ್ಟೆಪ್ನಿಯ ಕಥೆಯಂತೂ ಸೊಗಸಾದದ್ದು. ವೇಲ್ಸ್ ನಾಡಿನ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಹುಟ್ಟಿದ ಹೆಚ್ಚುವರಿ ಚಕ್ರದ ಹೆಸರು ಅದು. ತವರಿನಲ್ಲಿ ಆ ಪದವನ್ನು ಜನ ಮರೆತಿದ್ದಾರೆ. ನಮ್ಮ ಲಾರಿ ಚಾಲಕರು ಉಳಿಸಿಕೊಂಡಿದ್ದಾರೆ. ಇಂಥ ಬಳಕೆಗಳನ್ನು ತಪ್ಪೆಂದು ಅಳಿಸಬೇಕಿಲ್ಲ, ಅವು ನಮ್ಮ ನೆಲದ ಪದಗಳು. ಆದರೆ ಆಚೆಯ ಅರ್ಥವೂ ಮಗುವಿಗೆ ತಿಳಿದಿರಬೇಕು.

ಸಣ್ಣ ಪದಗಳ ದೊಡ್ಡ ಕೊರತೆ

ಇಷ್ಟೆಲ್ಲ ಪದ ಗೊತ್ತಿದ್ದೂ ಮಗು ಒಂದು ಇಂಗ್ಲಿಷ್ ವಾಕ್ಯವನ್ನು ಹೇಳಲಾರದೇಕೆ? ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿದರೆ ಕಾರಣ ತಿಳಿಯುತ್ತದೆ. ನಾವು ಸಾಲ ತಂದದ್ದು ಹೆಚ್ಚಾಗಿ ನಾಮಪದಗಳನ್ನು. ಕ್ರಿಯಾಪದ ಬೇಕಾದಾಗಲೂ ‘ಓಪನ್ ಮಾಡು’, ‘ವಾಶ್ ಮಾಡು’ ಎಂದು ಕನ್ನಡದ ‘ಮಾಡು’ವನ್ನೇ ಮುಂದಿಟ್ಟು ಕೆಲಸ ಸಾಗಿಸಿದೆವು. ಪದಗಳನ್ನು ಒಂದಕ್ಕೊಂದು ಜೋಡಿಸುವ ಪುಟ್ಟ ಮಾತುಗಳನ್ನು ತರಲೇ ಇಲ್ಲ. ತರುವ ಅಗತ್ಯವೂ ಇರಲಿಲ್ಲ, ವಿಭಕ್ತಿ ಪ್ರತ್ಯಯಗಳು ಆ ಕೆಲಸವನ್ನು ಮಾಡುತ್ತಿದ್ದವು. ನಮ್ಮಲ್ಲಿ ಇಟ್ಟಿಗೆಯ ರಾಶಿ ಇದೆ, ಗಾರೆ ಇಲ್ಲ.

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬರುವುದು ಆ ಗಾರೆಯೇ. ಯಾವುದೇ ಇಂಗ್ಲಿಷ್ ಬರಹದ ಸುಮಾರು ಅರ್ಧದಷ್ಟನ್ನು ಬರೀ ನೂರು ಪದಗಳು ತುಂಬುತ್ತವೆ: ದಿ, ಆಫ್, ಅಂಡ್, ಟು, ಇನ್, ಇಟ್, ಹ್ಯಾವ್, ದಟ್ ಮುಂತಾದವು. ‘ದಿ’ ಒಂದೇ ನೂರು ಪದಗಳಲ್ಲಿ ಆರೇಳು ಸಲ ತಲೆ ಹಾಕುತ್ತದೆ. ಕನ್ನಡದಲ್ಲಿ ಅದಕ್ಕೆ ಸಮಾನವಾದ ಪದವೇ ಇಲ್ಲ. ಇವುಗಳ ಚಿತ್ರ ಬರೆಯಲು ಆಗುವುದಿಲ್ಲ; ಆದ್ದರಿಂದಲೇ ಇವು ಗೋಡೆಯ ಪಟಕ್ಕೆ ಬರುವುದಿಲ್ಲ.

ಬಿಡಿಬಿಡಿಯಾಗಿ ಅರ್ಥ ಹೇಳಿ ಕಲಿಸುವುದೂ ವ್ಯರ್ಥ. ಕನ್ನಡದ ‘ಅಲ್ಲಿ’ ಪ್ರತ್ಯಯವನ್ನೇ ನೋಡಿ. ಚೀಲದಲ್ಲಿ ಎಂದರೆ ‘ಇನ್ ದಿ ಬ್ಯಾಗ್’. ಮನೆಯಲ್ಲಿ ಎಂದರೆ ‘ಅಟ್ ಹೋಮ್’. ಬಸ್ಸಿನಲ್ಲಿ ಬಂದೆ ಎಂದರೆ ‘ಬೈ ಬಸ್’. ಒಂದು ಪ್ರತ್ಯಯಕ್ಕೆ ಮೂರು ಪದ. ಮೊದಲು ನಿಯಮ ಹೇಳಿ ಆಮೇಲೆ ಉದಾಹರಣೆ ಕೊಡುವುದಕ್ಕಿಂತ, ಇನ್ ದಿ ಬ್ಯಾಗ್, ಅಟ್ ಹೋಮ್ ಎಂದು ಇಡಿಯಾಗಿಯೇ ಮಗುವಿನ ಬಾಯಿಗೆ ಬರುವಂತೆ ಮಾಡುವುದು ಲೇಸು. ಬ್ಯಾಗು ಗೊತ್ತಿರುವ ಮಗು ಇಲ್ಲಿ ಹೊಸದಾಗಿ ಕಲಿಯಬೇಕಾದದ್ದು ಎರಡೇ ಸಣ್ಣ ಪದ. ಹಳೆಯ ಬಂಡವಾಳ ಉಪಯೋಗಕ್ಕೆ ಬರುವುದು ಹೀಗೆ. ಕೊಡು, ತೆಗೆದುಕೊ, ಇಡು, ಬಾ, ಹೋಗು, ಬೇಕು, ಇದೆ ಎಂಬಂಥ ಹತ್ತಾರು ಕ್ರಿಯೆಗಳ ಇಂಗ್ಲಿಷ್ ರೂಪಗಳು ಇವುಗಳ ಜೊತೆ ಸೇರಿದರೆ ಮಗುವಿನ ನಾಮಪದಗಳಿಗೆ ಜೀವ ಬರುತ್ತದೆ.

ಒಂದಕ್ಕೆ ಒಂದು ಎಂಬ ಭ್ರಮೆ

ಪದಗಳನ್ನು ಎರಡು ಸಾಲು ಮಾಡಿ, ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ ಬರೆಸುವುದು ನಮ್ಮಲ್ಲಿ ರೂಢಿ. ವಸ್ತುಗಳ ಮಟ್ಟಿಗೆ ಇದು ತಕ್ಕಮಟ್ಟಿಗೆ ನಡೆಯುತ್ತದೆ. ಆದರೆ ಎರಡು ಭಾಷೆಗಳು ಜಗತ್ತನ್ನು ಒಂದೇ ರೀತಿ ಹಂಚಿಕೊಂಡಿಲ್ಲ. ನಮಗೆ ಭುಜದಿಂದ ಬೆರಳ ತುದಿಯವರೆಗೆ ಎಲ್ಲವೂ ಕೈ. ಇಂಗ್ಲಿಷಿಗೆ ಮಣಿಕಟ್ಟಿನ ಮೇಲೆ ‘ಆರ್ಮ್’, ಕೆಳಗೆ ‘ಹ್ಯಾಂಡ್’. ಕಾಲಿಗೂ ಹೀಗೆಯೇ ಎರಡು: ‘ಲೆಗ್’, ‘ಫುಟ್’. ಕೈಬೆರಳು ‘ಫಿಂಗರ್’, ಕಾಲ್ಬೆರಳು ‘ಟೋ’. ನಮ್ಮ ಒಂದೇ ನೆರಳು ಮರದ ಕೆಳಗೆ ಕೂತಾಗ ‘ಶೇಡ್’, ಗೋಡೆಯ ಮೇಲೆ ಬಿದ್ದಾಗ ‘ಶಾಡೋ’.

ಬೇರೆ ಕಡೆ ನಾವೇ ಸಿರಿವಂತರು. ಅಕ್ಕಿ ಬೇರೆ, ಅನ್ನ ಬೇರೆ ಎಂಬುದು ನಮ್ಮ ಮಗುವಿಗೆ ಸ್ಪಷ್ಟ. ಇಂಗ್ಲಿಷಿಗೆ ಎರಡೂ ‘ರೈಸ್’. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರೂ ‘ಅಂಕಲ್’ ಎಂಬ ಒಂದೇ ಮಾತಿನಲ್ಲಿ ಕರಗಿಹೋಗುತ್ತಾರೆ. ‘ನೀನು ಎಷ್ಟನೇ ಕ್ಲಾಸು?’ ಎಂಬ ದಿನನಿತ್ಯದ ಪ್ರಶ್ನೆಯಲ್ಲಿರುವ ‘ಎಷ್ಟನೇ’ಗೆ ಇಂಗ್ಲಿಷಿನಲ್ಲಿ ಪದವೇ ಇಲ್ಲ, ‘ಯಾವ ತರಗತಿಯಲ್ಲಿದ್ದೀಯ’ ಎಂದು ಮಾತನ್ನು ತಿರುಗಿಸಿ ಕೇಳಬೇಕು. ಇಂಥ ಕಡೆಗಳಲ್ಲಿ ಮಗು ಎಡವಿದಾಗ ಅದು ದಡ್ಡತನವಲ್ಲ, ಎರಡು ಭಾಷೆಗಳ ಗಡಿ ಎಂಬುದನ್ನು ಹೇಳಿಕೊಡುವವರು ಅರಿಯಬೇಕು. ಕನ್ನಡ ಚೆನ್ನಾಗಿ ಬಲ್ಲ ಶಿಕ್ಷಕರಿಗೆ ಇಲ್ಲಿ ಅನುಕೂಲ ಹೆಚ್ಚು.

ನೆನಪಿನಲ್ಲಿ ಉಳಿಯುವುದು ಹೇಗೆ?

ಒಂದು ಪದವನ್ನು ಒಮ್ಮೆ ಕೇಳಿದರೆ ಸಾಲದು. ಬೇರೆ ಬೇರೆ ದಿನ, ಬೇರೆ ಬೇರೆ ವಾಕ್ಯದಲ್ಲಿ ಹಲವು ಸಲ ಎದುರಾಗಬೇಕು. ಢಾಕಾದಲ್ಲಿ ವೆಸ್ಟ್ ಮಾಡಿದ್ದು ಇದನ್ನೇ. ಒಂದೇ ದಿನ ಇಪ್ಪತ್ತು ಪದ ಬರೆಸಿ ಮರುದಿನ ಡಿಕ್ಟೇಷನ್ ಕೊಡುವುದಕ್ಕಿಂತ, ದಿನಕ್ಕೆ ಮೂರು ನಾಲ್ಕು ಪದ ಕಲಿಸಿ, ಹಳೆಯದನ್ನು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ತಿರುಗಿ ಕೆದಕುವುದು ಫಲಕಾರಿ.

ಒಂದೇ ಜಾತಿಯ ಪದಗಳನ್ನು ಒಟ್ಟಿಗೆ ಕಲಿಸುವ ಪದ್ಧತಿಯ ಬಗೆಗೂ ಸಂಶೋಧಕರು ಎಚ್ಚರಿಸಿದ್ದಾರೆ. ಥಾಮಸ್ ಟಿಂಕ್‌ಹ್ಯಾಮ್ 1993ರಲ್ಲಿ, ರಾಬ್ ವಾರಿಂಗ್ 1997ರಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಅರ್ಥದಲ್ಲಿ ಹತ್ತಿರವಾದ ಹೊಸ ಪದಗಳನ್ನು ಗುಂಪಾಗಿ ಕಲಿಯುವುದು ಸಂಬಂಧವಿಲ್ಲದ ಪದಗಳನ್ನು ಕಲಿಯುವುದಕ್ಕಿಂತ ಕಷ್ಟವೆಂದು ಕಂಡುಬಂತು. ‘ಲೆಫ್ಟ್’ ಮತ್ತು ‘ರೈಟ್’ ಒಂದೇ ದಿನ ಕಲಿತ ಮಗು ಬಹುಕಾಲ ಎರಡನ್ನೂ ಅದಲು ಬದಲು ಮಾಡುವುದನ್ನು ಯಾವ ಮೇಷ್ಟ್ರೂ ಬಲ್ಲರು. ಹನ್ನೆರಡು ಹಣ್ಣುಗಳ ಪಟಕ್ಕಿಂತ, ‘ತಟ್ಟೆ ತೊಳೆದು ಮೇಜಿನ ಮೇಲೆ ಇಡು’ ಎಂಬ ಒಂದು ಸಂದರ್ಭದಲ್ಲಿ ಬರುವ ತಟ್ಟೆ, ತೊಳೆ, ಮೇಜು, ಮೇಲೆ ಎಂಬ ನಾಲ್ಕು ಬಗೆಯ ಪದಗಳು ಹೆಚ್ಚು ಕಾಲ ನಿಲ್ಲಬಲ್ಲವು.

ಸಂದರ್ಭದ ಮಹತ್ವವನ್ನು ಜಗತ್ತಿನ ಭಾಷಾಬೋಧಕರಿಗೆ ತೋರಿಸಿದ ಒಂದು ಪ್ರಯೋಗ ಬೆಂಗಳೂರಿನ ಹೆಸರನ್ನೇ ಹೊತ್ತಿದೆ. 1963ರಲ್ಲಿ ಸ್ಥಾಪನೆಯಾದ ಇಲ್ಲಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಸರೆಯಲ್ಲಿ, ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ‘ಬೆಂಗಳೂರು ಪ್ರಾಜೆಕ್ಟ್’ ಅದು. ಅಲ್ಲಿ ಪದಪಟ್ಟಿಯ ಕಂಠಪಾಠವಿಲ್ಲ, ವ್ಯಾಕರಣದ ಡ್ರಿಲ್ಲೂ ಇಲ್ಲ. ನಕ್ಷೆ ನೋಡಿ ದಾರಿ ಹೇಳುವುದು, ರೈಲಿನ ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡಿಯಬೇಕೆಂದು ತೀರ್ಮಾನಿಸುವುದು ಇಂಥ ಕೆಲಸಗಳನ್ನು ಮಕ್ಕಳು ಇಂಗ್ಲಿಷಿನಲ್ಲಿ ಬಿಡಿಸಬೇಕಿತ್ತು. ಗಮನ ಸಮಸ್ಯೆಯ ಮೇಲಿದ್ದಾಗ ಭಾಷೆ ತಾನಾಗಿ ಹಿಂಬಾಲಿಸುತ್ತದೆ ಎಂಬುದು ಪ್ರಭು ಅವರ ನಂಬಿಕೆ. 1987ರಲ್ಲಿ ಅವರು ಈ ಬಗ್ಗೆ ಬರೆದ ಪುಸ್ತಕ ಇಂದಿಗೂ ಈ ಕ್ಷೇತ್ರದವರು ಓದುವ ಕೃತಿ.

ಅಪ್ಪ ಅಮ್ಮನ ಇಂಗ್ಲಿಷ್

‘ನಮಗೆ ಇಂಗ್ಲಿಷ್ ಬರುವುದಿಲ್ಲ, ಮಗುವಿಗೆ ಹೇಳಿಕೊಡುವುದು ಹೇಗೆ’ ಎಂಬ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಆ ಚಿಂತೆಯಿಂದಲೇ ಸಾಲ ಮಾಡಿ ದುಬಾರಿ ಶಾಲೆಗೆ ಫೀಸು ಕಟ್ಟುವವರಿದ್ದಾರೆ. ಆದರೆ ಸೈಕಲ್ ರಿಪೇರಿ ಮಾಡುವ ತಂದೆಯ ಬಾಯಲ್ಲಿ ಟೈರು, ಟ್ಯೂಬು, ಪಂಕ್ಚರು, ಪಂಪು, ನಟ್ಟು, ಬೋಲ್ಟು, ಚೈನು, ಪೆಡಲ್ಲು ಇವೆ. ಬಟ್ಟೆ ಹೊಲಿಯುವ ತಾಯಿಗೆ ಕಾಲರ್, ಬಟನ್, ಟೇಪು, ಜಿಪ್ಪು, ಇಂಚು ಗೊತ್ತು. ಹೊಲದಲ್ಲಿ ದುಡಿಯುವವರಿಗೆ ಮೋಟಾರು, ಪೈಪು, ವಾಲ್ವು, ಟ್ರ್ಯಾಕ್ಟರು ಪರಿಚಿತ. ಇವು ಅಡ್ಡದಾರಿಯ ಇಂಗ್ಲಿಷ್ ಅಲ್ಲ. ಉಕಾರ ಬಿಟ್ಟರೆ ಇಂಗ್ಲೆಂಡಿನ ಕಾರ್ಮಿಕನೂ ಬಳಸುವ ಪದಗಳೇ.

ಮಗುವಿನಿಂದ ಮನೆಯ, ಅಂಗಡಿಯ, ಹೊಲದ ಇಂಥ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ ಶಾಲೆಗೆ ಕಳಿಸಲು ಪಾಲಕರಿಗೆ ಇಂಗ್ಲಿಷ್ ಬರಬೇಕಿಲ್ಲ. ಅವುಗಳ ಕಾಗುಣಿತ ತಿದ್ದುವುದು, ಜೋಡಿಸುವ ಸಣ್ಣ ಪದಗಳನ್ನು ಕೊಟ್ಟು ವಾಕ್ಯ ಕಟ್ಟಿಸುವುದು ಶಾಲೆಯ ಕೆಲಸ. ಅಪ್ಪನ ಕಸುಬಿನ ಪದ ಕರಿಹಲಗೆಯ ಮೇಲೆ ಮೂಡಿದ್ದನ್ನು ಕಂಡ ಮಗುವಿಗೆ ಇಂಗ್ಲಿಷ್ ಬೇರೆಯವರ ಮನೆಯ ಸೊತ್ತಾಗಿ ಉಳಿಯುವುದಿಲ್ಲ.

ಎಲ್ಲ ಮಕ್ಕಳೂ ಕೊನೆಯವರೆಗೆ ಓದಲಿ ಎಂಬುದೇ ನಮ್ಮ ಹಾರೈಕೆ. ಆದರೂ ಬಡತನ, ವಲಸೆ, ಮದುವೆ ಮುಂತಾದ ಕಾರಣಗಳಿಂದ ಶಾಲೆ ಬಿಡುವವರು ಇಂದಿಗೂ ಇದ್ದಾರೆ. ಹಾಗೆ ಬಿಟ್ಟು ಹೋಗುವ ಹುಡುಗಿಯೊಬ್ಬಳು ಔಷಧದ ಶೀಶೆಯ ಮೇಲಿನ ಎಚ್ಚರಿಕೆಯನ್ನು, ಬ್ಯಾಂಕಿನ ಚೀಟಿಯ ಎರಡು ಸಾಲನ್ನು, ಬಸ್ಸಿನ ಬೋರ್ಡನ್ನು ತಾನೇ ಓದಿಕೊಳ್ಳುವಷ್ಟು ಪದಗಳನ್ನಾದರೂ ಜೊತೆಗೆ ಒಯ್ದರೆ, ಅವಳು ಕಟ್ಟಿದ ಕಂತು ಮುಳುಗಲಿಲ್ಲ ಎನ್ನಬಹುದು.